ಏಳ್ನೂರೈವತ್ತು ವ್ಯಾಟಿನ ಹಗುರ ಡಬ್ಬ

ಕಣ್ಣಿಗೆ ಕಾಣದ ವಸ್ತುವಿಗೆ ದುಡ್ಡು ಹಾಕಲು ನನಗೆ ಮೊದಲಿನಿಂದಲೂ ಕೈ ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಆದರೆ ಒಪ್ಪಿಕೊಳ್ಳದೆ ಮುಂದಿನದನ್ನು ಹೇಳಲಿಕ್ಕಾಗುವುದಿಲ್ಲ. ಇಸ್ತ್ರಿ ಹಾಕಿದ ಅಂಗಿಯ ಒಳಗೆ ನಾನು ತೊಡುವ ಬನಿಯನ್ ಆ ಹೆಸರಿನ ಅರ್ಹತೆಯನ್ನು ಕಳೆದುಕೊಂಡು ವರ್ಷಗಳಾದವು. ನಮ್ಮ ಮನೆಯ ಎದುರಿನ ಗೋಡೆಗೆ ಮೂರು ಸಲ ಬಣ್ಣ ಬಳಿಸಿದ್ದೇನೆ. ಹಿಂದಿನ ಗೋಡೆ ಗಾರೆ ಹಾಕಿದ ದಿನ ಹೇಗಿತ್ತೋ ಹಾಗೆಯೇ ಉಂಟು. ಹಿಂದೆ ಹೋಗಿ ಯಾರು ನೋಡುತ್ತಾರೆ ಎಂಬುದು ನನ್ನ ವಾದ. “ಬಟ್ಟೆ ಒಗೆಯುವಾಗ ನಾನು ದಿನಾ ನೋಡ್ತೇನಲ್ಲ, ನಾನು ಲೆಕ್ಕಕ್ಕಿಲ್ವಾ?” ಎಂದು ಹೆಂಡತಿ ಸುನೀತಾ ಒಮ್ಮೆ ಕೇಳಿದ್ದಳು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರ್. ಆದ್ದರಿಂದ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಮುಖ ನೋಡುತ್ತಾ ನಿಲ್ಲುವ ಅಭ್ಯಾಸ ಉಂಟು. ನಾನು ಉತ್ತರ ಗೊತ್ತಿಲ್ಲದ ಮಕ್ಕಳ ಹಾಗೆ ಮಾಡಿನ ಹಂಚು ನೋಡಿದ್ದೆ.

ಬಂಟ್ವಾಳದ ಪಕ್ಕದ ಬಿ.ಸಿ.ರೋಡಿನಲ್ಲಿ ಒಂದು ಕಟ್ಟಡದ ಮೇಲಿನ ಮಾಳಿಗೆಯಲ್ಲಿ ನನ್ನದೊಂದು ಸ್ಟುಡಿಯೋ. ಮದುವೆಯ ವಿಡಿಯೋ ತೆಗೆದು, ಕತ್ತರಿಸಿ, ಹಾಡು ಸೇರಿಸಿ ಕೊಡುವುದು ಕೆಲಸ. ನನ್ನ ಹಳೆಯ ಕಂಪ್ಯೂಟರಿನ ವೇಗ ಹೇಗಿತ್ತೆಂದರೆ, ಮದುವೆಯ ವಿಡಿಯೋ ಕೈಗೆ ಸಿಗುವ ಹೊತ್ತಿಗೆ ಮದುಮಗಳ ಬಾಣಂತನ ಮುಗಿದಿರುತ್ತಿತ್ತು. ಒಬ್ಬರಂತೂ ಮಗುವನ್ನು ಎತ್ತಿಕೊಂಡೇ ಬಂದು, “ಇವನಿಗೆ ಶಾಲೆ ಶುರು ಆಗುವ ಮೊದಲು ಸಿಗಬಹುದಾ?” ಎಂದು ಕೇಳಿದರು. ಆ ಅವಮಾನದ ಮೇಲೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸುವುದೆಂದು ನಿಶ್ಚಯಿಸಿದೆ. ಚಿತ್ರಗಳ ಕೆಲಸವನ್ನೆಲ್ಲ ತನ್ನ ಮೇಲೆ ಹಾಕಿಕೊಂಡು ಮಾಡುವ ಭಾಗ ಅದು. ಮೂಡುಬಿದಿರೆಯಲ್ಲಿ ನನಗೆ ಪರಿಚಯದ ಕಂಪ್ಯೂಟರ್ ಅಂಗಡಿಯ ಪೈಗಳು ಪೆಟ್ಟಿಗೆ ಬಿಚ್ಚಿ ತೋರಿಸಿದರು. ಮೂರು ಫ್ಯಾನು, ಬಣ್ಣಬಣ್ಣದ ದೀಪ, ಗಾಜಿನ ಬದಿಯಿಂದ ಎಲ್ಲರಿಗೂ ಕಾಣುವಂಥ ವಸ್ತು. ಒಂದು ಮಾತೂ ಚೌಕಾಸಿ ಮಾಡದೆ ಕೊಂಡುಕೊಂಡೆ.

“ಇದು ತುಂಬಾ ಕರೆಂಟ್ ತಿಂತದೆ ಮಾರಾಯ್ರೇ,” ಎಂದರು ಪೈಗಳು. “ನಿಮ್ಮ ಹಳೇ ಪವರ್ ಸಪ್ಲೈ ತಡಕೊಳ್ಳಲಿಕ್ಕಿಲ್ಲ. ಅದನ್ನೂ ಬದಲಿಸುವ.” ಪವರ್ ಸಪ್ಲೈ ಎಂದರೆ ಗೋಡೆಯ ಕರೆಂಟನ್ನು ಇಳಿಸಿ ಒಳಗಿನ ಎಲ್ಲ ಭಾಗಗಳಿಗೆ ಹಂಚುವ ಕಬ್ಬಿಣದ ಡಬ್ಬ. ಕ್ಯಾಬಿನೆಟ್ಟಿನ ತಳದಲ್ಲಿ, ತಗಡಿನ ಮರೆಯಲ್ಲಿ ಕೂತಿರುತ್ತದೆ. ಅವರು ಆರುನೂರ ಐವತ್ತು ವ್ಯಾಟಿನದ್ದೊಂದನ್ನು ನನ್ನ ಕೈಯಲ್ಲಿಟ್ಟು, “ಎತ್ತಿ ನೋಡಿ” ಎಂದರು. ಕೈ ಕೆಳಗೆ ಹೋಯಿತು. “ಒಳಗೆ ಮಾಲು ಉಂಟು, ಅದಕ್ಕೆ ಭಾರ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇದು ತಾನು ಬಂದ್ ಆಗ್ತದೆ, ಉಳಿದವರನ್ನು ಸಾಯಿಸುವುದಿಲ್ಲ.” ನಾನು ದರ ಕೇಳಿದೆ. ಕೇಳಿದ ಮೇಲೆ ಡಬ್ಬವನ್ನು ಮೇಜಿನ ಮೇಲಿಟ್ಟೆ. ಯಾರಿಗೂ ಕಾಣದ ಡಬ್ಬಕ್ಕೆ ಇಷ್ಟೊಂದಾ? “ಯೋಚನೆ ಮಾಡಿ ಹೇಳ್ತೇನೆ” ಎಂದು ಕಾರ್ಡನ್ನು ಮಾತ್ರ ಹಿಡಿದುಕೊಂಡು ಬಸ್ಸು ಹತ್ತಿದೆ.

ಮರುದಿನ ಬೆಳ್ತಂಗಡಿಯಲ್ಲಿ ಒಂದು ನಿಶ್ಚಿತಾರ್ಥದ ಕೆಲಸವಿತ್ತು. ಮುಗಿಸಿ ಬರುವಾಗ ಬೇರೊಂದು ಅಂಗಡಿಗೆ ನುಗ್ಗಿದೆ. ಅಲ್ಲಿ ಚಿನ್ನದ ಬಣ್ಣದ ಅಕ್ಷರದಲ್ಲಿ ಏಳ್ನೂರೈವತ್ತು ಎಂದು ಬರೆದ ಡಬ್ಬ ಇತ್ತು. ಪೈಗಳದ್ದಕ್ಕಿಂತ ನೂರು ವ್ಯಾಟ್ ಹೆಚ್ಚು, ಬೆಲೆ ಅರ್ಧಕ್ಕಿಂತ ಕಡಿಮೆ. ಎತ್ತಿದರೆ ಖಾಲಿ ಟಿಫಿನ್ ಕ್ಯಾರಿಯರಿನಷ್ಟು ಹಗುರ. ವಿಜ್ಞಾನ ಮುಂದುವರಿದಿದೆ ಎಂದುಕೊಂಡೆ. ಕಾರ್ಡಿಗೆ ಸಿಕ್ಕಿಸಲು ಬೇಕಾದ ಎಂಟು ಕಾಲಿನ ವಯರು ಅದರಲ್ಲಿ ಇರಲಿಲ್ಲ. ಎರಡು ಸಣ್ಣ ವಯರುಗಳನ್ನು ಒಂದು ಮಾಡುವ ತುಂಡೊಂದನ್ನು ಅಂಗಡಿಯವರು ಉಚಿತವಾಗಿ ಕೊಟ್ಟರು. ಉಚಿತ ಎಂಬ ಮಾತು ಕೇಳಿ ನನ್ನ ಉಳಿದ ಅನುಮಾನವೂ ಹೋಯಿತು.

ಮನೆಯಲ್ಲಿ ಸುನೀತಾ ಡಬ್ಬದ ಬದಿಯ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದಳು. “ಇಲ್ಲಿ ಹನ್ನೆರಡು ವೋಲ್ಟಿಗೆ ಹದಿನೆಂಟು ಆಂಪಿಯರ್ ಅಂತ ಉಂಟು. ನಿಮ್ಮ ಕಾರ್ಡು ಕರೆಂಟ್ ತಗೊಳ್ಳುವುದು ಇದರಿಂದಲೇ ಅಲ್ವಾ? ಗುಣಿಸಿ ನೋಡಿ.”

“ಇನ್ನೂರ ಹದಿನಾರು,” ಎಂದೆ.

“ಮತ್ತೆ ಏಳ್ನೂರೈವತ್ತು ಎಲ್ಲಿಂದ ಬಂತು?”

“ಡಬ್ಬದ ಮೇಲೆ ದೊಡ್ಡದಾಗಿ ಬರೆದಿದ್ದಾರಲ್ಲ.”

ಅವಳು ಕನ್ನಡಕ ತೆಗೆದಿಟ್ಟು ಒಳಗೆ ಹೋದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಮಾತಾಡದೆ ಒಳಗೆ ಹೋದಾಗಲೆಲ್ಲ ನಾನು ಗೆದ್ದೆನೆಂದು ತಿಳಿದುಕೊಂಡವನು.

ಇಲ್ಲಿಯವರೆಗಿನದ್ದು ನಗುವ ವಿಷಯ. ಇನ್ನು ಬಾಬಣ್ಣನ ವಿಷಯ ಹೇಳಬೇಕು. ವೇಣೂರಿನ ಬಾಬಣ್ಣ ಖಾಸಗಿ ಬಸ್ಸಿನ ಡ್ರೈವರು. ಬೆಳಿಗ್ಗೆ ಮೂಡುಬಿದಿರೆಯಿಂದ ಹೊರಟು ವೇಣೂರು, ಬೆಳ್ತಂಗಡಿ ದಾಟಿ ಬಿ.ಸಿ.ರೋಡಿಗೆ ಬರುತ್ತಿದ್ದರು. ನಾನು ಕಾರ್ಡು ಕೊಳ್ಳುವುದಕ್ಕೆ ಒಂದು ವಾರ ಮೊದಲು ಅವರ ಒಬ್ಬಳೇ ಮಗಳು ಚೈತ್ರಾಳ ಮದುವೆಯ ವಿಡಿಯೋ ತೆಗೆದದ್ದು ನಾನೇ. ಕ್ಯಾಮೆರಾ ಕಂಡರೆ ಅವರಿಗೆ ಆಗದು. ಯಾರು ಮೊಬೈಲು ಎತ್ತಿದರೂ ಕಂಬದ ಹಿಂದೆ ಹೋಗುತ್ತಿದ್ದರು. ಧಾರೆ ಎರೆಯುವಾಗ ಮಾತ್ರ ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದಿದ್ದರು. ಸ್ಟೇರಿಂಗ್ ಹಿಡಿಯುವ ಕೈಯಲ್ಲಿ ಚೆಂಬು ಹಿಡಿದು, ಭುಜಕ್ಕೆ ಕಣ್ಣು ಒರೆಸಿಕೊಂಡಿದ್ದರು. ಆಮೇಲೆ ನನ್ನ ಹತ್ತಿರ ಬಂದು, “ಅದು ಬೆವರು, ಕಣ್ಣೀರಲ್ಲ, ವಿಡಿಯೋದಲ್ಲಿ ಹಾಗೆ ಬರೆದು ಹಾಕಿ” ಎಂದಿದ್ದರು.

ಹೊಸ ಕಾರ್ಡು, ಹಗುರ ಡಬ್ಬ ಎರಡನ್ನೂ ನಾನೇ ಜೋಡಿಸಿದೆ. ವೇಗ ಬಂತು, ಆದರೆ ಕೆಲಸ ಜೋರಾದಾಗ ಕಂಪ್ಯೂಟರು ಇದ್ದಕ್ಕಿದ್ದಂತೆ ಆರಿಹೋಗುತ್ತಿತ್ತು. ನಾನು ಮೊದಲು ಯುಪಿಎಸ್ಸನ್ನು ಬೈದೆ, ಆಮೇಲೆ ಸೆಕೆಯನ್ನು ಬೈದೆ. ಸುನೀತಾ “ಅದನ್ನು ಬಿಚ್ಚಿ ವಾಪಸ್ ಕೊಡಿ” ಎಂದಳು. ತಪ್ಪಾಯಿತೆಂದು ಬೆಳ್ತಂಗಡಿಯಲ್ಲಿ ಒಪ್ಪಿಕೊಂಡರೆ ಮನೆಯಲ್ಲೂ ಒಪ್ಪಿಕೊಳ್ಳಬೇಕಾಗುತ್ತದಲ್ಲ, ಹಾಗಾಗಿ ಕೊಡಲಿಲ್ಲ. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಬಾಬಣ್ಣ ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿ, ಚಾ ಕುಡಿದು ಬಂದು ಸೀಟಿನಲ್ಲಿ ಕೂತು, ಸ್ಟೇರಿಂಗಿಗೆ ಹಣೆ ಇಟ್ಟರಂತೆ. ಹೊರಡುವ ಹೊತ್ತಾಯಿತೆಂದು ಕಂಡಕ್ಟರು ಮೂರು ಸಲ ಸೀಟಿ ಊದಿದನಂತೆ. ಮಗಳ ಮದುವೆಯಾಗಿ ತಿಂಗಳು ತುಂಬಿರಲಿಲ್ಲ.

ಅವರು ತೀರಿಹೋಗಿ ಐದನೆಯ ದಿನ ಹೆಂಡತಿ ಲೀಲಕ್ಕ ಫೋನ್ ಮಾಡಿದರು. “ಫೋಟೋದವರು ಆಲ್ಬಂ ಕೊಟ್ಟಿದ್ದಾರೆ. ಆದ್ರೆ ಫೋಟೋ ಮಾತಾಡುವುದಿಲ್ಲ ಅಲ್ವಾ ಹರೀಶಣ್ಣ. ಉತ್ತರಕ್ರಿಯೆಗೆ ಮೊದಲು ವಿಡಿಯೋ ಕೊಡ್ಲಿಕ್ಕೆ ಆಗ್ತದಾ? ಒಮ್ಮೆ ಅವರ ಸ್ವರ ಕೇಳ್ಬೇಕಿತ್ತು.” ಖಂಡಿತ ಎಂದೆ. ಅಂದೇ ಮಧ್ಯಾಹ್ನ ಇಡೀ ಮದುವೆಯನ್ನು ಒಟ್ಟಿಗೆ ಕಂಪ್ಯೂಟರಿಗೆ ಹೇರಿದೆ. ಎರಡು ಸಲ ಆರಿತು, ಎರಡು ಸಲವೂ ಮತ್ತೆ ಹಚ್ಚಿದೆ. ಮೂರನೆಯ ಸಲ ಒಳಗಿನಿಂದ ಪಟಾಕಿಯ ಹಾಗೆ ಒಂದು ಸದ್ದು, ಸುಟ್ಟ ವಯರಿನ ವಾಸನೆ, ತಳದಿಂದ ಒಂದೆಳೆ ಹೊಗೆ. ಕಾರ್ಡಿನ ಬಣ್ಣದ ದೀಪಗಳೂ ಆರಿದವು.

ಆಗಲೂ ನಾನು ಹೆದರಲಿಲ್ಲ. ಒಂದೇ ಡಿಸ್ಕಿನಲ್ಲಿ ಇಡುವಷ್ಟು ದಡ್ಡ ನಾನಲ್ಲ. ಪ್ರತಿ ಮದುವೆಯನ್ನೂ ಎರಡು ಡಿಸ್ಕಿನಲ್ಲಿ ಇಡುತ್ತಿದ್ದೆ. ಎರಡನ್ನೂ ಅದೇ ಕ್ಯಾಬಿನೆಟ್ಟಿನೊಳಗೆ, ಅದೇ ಡಬ್ಬದ ವಯರಿಗೆ ಸಿಕ್ಕಿಸಿ ಇಡುತ್ತಿದ್ದೆ. ಪೈಗಳು ಎಲ್ಲವನ್ನೂ ಬಿಚ್ಚಿ ಪರೀಕ್ಷಿಸಿ, ಒಂದೊಂದನ್ನೇ ಪೇಪರಿನ ಮೇಲೆ ಸಾಲಾಗಿ ಮಲಗಿಸಿದರು. ಬೋರ್ಡು ಹೋಗಿತ್ತು, ಕಾರ್ಡು ಹೋಗಿತ್ತು, ಎರಡೂ ಡಿಸ್ಕುಗಳು ಹೋಗಿದ್ದವು. “ಈ ಡಬ್ಬ ಸಾಯುವಾಗ ಎಲ್ಲರಿಗೂ ಹೆಚ್ಚು ವೋಲ್ಟೇಜ್ ಬಿಟ್ಟು ಹೋಗಿದೆ,” ಎಂದರು. ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನು ನಾನು ಬಂಟ್ವಾಳದ ಇನ್ನೊಂದು ಮದುವೆಗೆಂದು ಅಳಿಸಿ ಆಗಿತ್ತು. ಡಿಸ್ಕುಗಳಲ್ಲಿ ಒಂದನ್ನು ಮಂಗಳೂರಿನಲ್ಲಿ ತಮಗೆ ಗೊತ್ತಿದ್ದವರ ಹತ್ತಿರ ಕಳಿಸಿ ನೋಡುವ ಎಂದು ಪೈಗಳು ತೆಗೆದಿಟ್ಟುಕೊಂಡರು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಲೀಲಕ್ಕನ ಫೋನು ಬಂದಾಗ “ಕೆಲಸ ಆಗ್ತಾ ಉಂಟು” ಎಂದೆ. ಇನ್ನೊಮ್ಮೆ “ಕರೆಂಟ್ ಸರಿ ಇಲ್ಲ” ಎಂದೆ. ಮತ್ತೊಮ್ಮೆ “ಹಾಡು ಸೇರಿಸುವುದು ಬಾಕಿ” ಎಂದೆ. “ಹಾಡು ಬೇಡ ಅಣ್ಣ, ಹಾಗೇ ಕೊಡಿ” ಎಂದರು ಅವರು. ಉತ್ತರಕ್ರಿಯೆಯ ಊಟಕ್ಕೆ ಕರೆ ಬಂದಿತ್ತು. ಜ್ವರ ಎಂದು ಮನೆಯಲ್ಲೇ ಮಲಗಿದೆ. ಸುನೀತಾ ಥರ್ಮಾಮೀಟರು ತಂದು ಪಕ್ಕದಲ್ಲಿಟ್ಟು, ಒಬ್ಬಳೇ ವೇಣೂರಿಗೆ ಹೋಗಿ ಬಂದಳು. ಅಲ್ಲಿ ಏನು ಹೇಳಿ ಬಂದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ವಾರ ಕಳೆದ ಮೇಲೆ ಚೈತ್ರಾ ಸ್ಟುಡಿಯೋಕ್ಕೆ ಬಂದಳು. “ಅಪ್ಪನ ಬಸ್ಸಿನಲ್ಲೇ ಬಂದೆ. ಬೇರೆ ಡ್ರೈವರು,” ಎಂದಳು. ಕೂರಲಿಲ್ಲ. ಮೇಜಿನ ಮೇಲೆ ಕಂಪ್ಯೂಟರು ಇದ್ದ ಜಾಗ ಖಾಲಿ ಇತ್ತು, ಧೂಳಿನ ಚೌಕ ಮಾತ್ರ ಉಳಿದಿತ್ತು. ಅದನ್ನು ನೋಡಿ, “ಇಲ್ಲ ಅಲ್ವಾ ಹರೀಶಣ್ಣ, ವಿಡಿಯೋ?” ಎಂದು ಕೇಳಿದಳು. ಇಲ್ಲ ಎಂದೆ. ಕಾರ್ಡು, ಡಬ್ಬ, ಹಗುರ, ಅಗ್ಗ, ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಕಿಟಕಿಯಿಂದ ಬಸ್‌ಸ್ಟ್ಯಾಂಡನ್ನು ನೋಡುತ್ತಾ ನಿಂತು, “ಅಮ್ಮ ದಿನಾ ಸಂಜೆ ಟಿ.ವಿ. ಒರೆಸಿ ಇಡ್ತಾರೆ, ನೀವು ಬಂದ್ರೆ ಅಂತ,” ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ಅದಾಗಿ ಹತ್ತು ದಿನಕ್ಕೆ ಪೈಗಳ ಫೋನು ಬಂತು. ಮಂಗಳೂರಿನವರು ಡಿಸ್ಕಿನ ಸುಟ್ಟ ಭಾಗ ಬದಲಿಸಿ ಒಂಬತ್ತು ನಿಮಿಷದ ಒಂದು ತುಂಡನ್ನು ಉಳಿಸಿದ್ದರು, ಉಳಿದದ್ದು ಇನ್ನಿಲ್ಲ. ಪೆನ್‌ಡ್ರೈವ್ ಹಿಡಿದುಕೊಂಡು ನಾನೂ ಸುನೀತಾಳೂ ವೇಣೂರಿಗೆ ಹೋದೆವು. ಅದರಲ್ಲಿ ಏನಿದೆಯೆಂದು ನಾನು ಮೊದಲೇ ನೋಡಿದ್ದೆ. ಲೀಲಕ್ಕನಿಗೆ ಅದನ್ನು ಹೇಳದೆ ಟಿ.ವಿ.ಗೆ ಸಿಕ್ಕಿಸಿದೆ.

ಮದುವೆಯ ದಿನ ಊಟಕ್ಕೆ ಕೂರುವಾಗ ನಾನು ಕ್ಯಾಮೆರಾವನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಆರಿಸಲು ಮರೆತಿದ್ದೆ. ಪರದೆಯ ತುಂಬಾ ಮೇಜಿನ ಕಾಲುಗಳು, ಬಾಳೆಲೆಯ ಒಂದು ತುದಿ. ಸ್ವಲ್ಪ ಹೊತ್ತಿಗೆ ಬಿಳಿ ಪಂಚೆಯ ಅಂಚು, ಎರಡು ಪಾದ ಬಂದು ನಿಂತವು. “ಅವರೇ,” ಎಂದರು ಲೀಲಕ್ಕ. ಬಾಬಣ್ಣನ ಸ್ವರ, “ಊಟ ಆಗ್ತಾ ಉಂಟಾ? ನಿಧಾನ ಮಾಡಿ…” ಎನ್ನುತ್ತದೆ. ಅಷ್ಟರಲ್ಲಿ ನನ್ನ ಸ್ವರ ಶುರುವಾಗುತ್ತದೆ. ಹೊಸ ಕಾರ್ಡು ಹಾಕಿಸುತ್ತಿದ್ದೇನೆ, ಮೂರು ಫ್ಯಾನಿನದ್ದು, ಈ ತಾಲೂಕಿನಲ್ಲಿ ಯಾರ ಹತ್ತಿರವೂ ಇಲ್ಲ, ಎರಡೇ ದಿನದಲ್ಲಿ ವಿಡಿಯೋ ನಿಮ್ಮ ಕೈಯಲ್ಲಿ. ನಡುವೆ ಅವರು ಒಮ್ಮೆ “ಪಾಯಸ ಹಾಕ್ಲಿಕ್ಕೆ ಹೇಳ್ತೇನೆ” ಎನ್ನುತ್ತಾರೆ, ಒಮ್ಮೆ ನಗುತ್ತಾರೆ. ಎರಡೂ ನನ್ನ ಮಾತಿನ ಅಡಿಯಲ್ಲಿ. ಪಾದಗಳು ಬಹಳ ಹೊತ್ತು, ಮರ್ಯಾದೆಗೆಂದು, ನಿಂತೇ ಇರುತ್ತವೆ.

ವಿಡಿಯೋ ಮುಗಿಯಿತು. ಲೀಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಬಹಳ ಸಂಕೋಚದಿಂದ, “ಹರೀಶಣ್ಣ, ತಪ್ಪು ತಿಳಿಬೇಡಿ. ನಿಮ್ಮ ಸ್ವರ ಸ್ವಲ್ಪ ಕಡಿಮೆ ಮಾಡ್ಲಿಕ್ಕೆ ಆಗ್ತದಾ?” ಎಂದು ಕೇಳಿದರು.

ಆಗಲಿಲ್ಲ. ಪೈಗಳ ಭಾರದ ಡಬ್ಬವನ್ನೇ ತಂದು ಹೊಸ ಕಂಪ್ಯೂಟರು ಕಟ್ಟಿ, ಇದ್ದಬದ್ದ ಉಪಾಯವನ್ನೆಲ್ಲ ಮಾಡಿ ನೋಡಿದೆ. ನನ್ನ ಸ್ವರವನ್ನು ತೆಗೆದರೆ ಅದರೊಟ್ಟಿಗೆ ಅವರದ್ದೂ ಹೊರಟುಹೋಗುತ್ತದೆ. ಹಾಗೆಯೇ ಇರಲಿ ಎಂದರು ಲೀಲಕ್ಕ. ಸಂಜೆ ದೀಪ ಹಚ್ಚಿದ ಮೇಲೆ ದಿನಕ್ಕೊಮ್ಮೆ ಹಾಕುತ್ತಾರಂತೆ. ವೇಣೂರಿನ ಆ ಮನೆಯಲ್ಲಿ ದಿನವೂ ಬಾಬಣ್ಣ ಬಂದು ಊಟ ಆಗ್ತಾ ಉಂಟಾ ಎಂದು ಕೇಳುತ್ತಾರೆ. ಅವರ ಮಾತು ಮುಗಿಯುವ ಮೊದಲೇ ನಾನು ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಹೇಳಲು ಶುರು ಮಾಡುತ್ತೇನೆ.