ನಿಮ್ಮ ಟೀವಿ ಆರಿಸಿ

ಈಗ ಟೀವಿಗಳು ಕೆಡುವುದು ಕಡಿಮೆ. ನೋಡುವವರು ಕೆಡುವುದು ಮಾತ್ರ ಕಡಿಮೆಯಾಗಿಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಕುಷ್ಟಗಿಯಲ್ಲಿ ನಲವತ್ತು ವರ್ಷ ಟೀವಿ ರಿಪೇರಿ ಮಾಡಿದೆ. ಅಂಗಡಿ ಮುಚ್ಚಿದ್ದೇನೆ. ಈಗ ಮನೆಯ ಪಡಸಾಲೆಯಲ್ಲಿ ಕೂಡುತ್ತೇನೆ. ಓಣಿಯವರು ಮಿಕ್ಸರ್ ತರುತ್ತಾರೆ, ರಿಮೋಟ್ ತರುತ್ತಾರೆ. ಆಸ್ತಿ ಮಾಡಲಿಲ್ಲ. 'ಮುದುಕನ ಕೈಗುಣ ಛಲೋ ಐತಿ' ಎಂಬ ಒಂದು ಹೆಸರು ಮಾಡಿದೆ. ಇರುವುದು ಅದೊಂದೇ. ಮೊನ್ನೆ ಅದೂ ಹೋಗುವುದರಲ್ಲಿತ್ತು. ಫೋನಿನಿಂದ.

ಫೋನ್ ಮೊದಲು ಗಡಿಯಾರ ನುಂಗಿತು. ಆಮೇಲೆ ಕ್ಯಾಮೆರಾ, ರೇಡಿಯೋ, ಕತ್ತಲಲ್ಲಿ ಹಿಡಿಯುವ ಬ್ಯಾಟರಿ. ನಾನು ಸುಮ್ಮನಿದ್ದೆ. ಈಗ ರಿಮೋಟಿಗೂ ಬಾಯಿ ಹಾಕಿದೆ. ಸುಮ್ಮನಿರಲು ಆಗಲಿಲ್ಲ.

ಎರಡು ಮಾರ್ಕ್ಸಿನ ಪ್ರಶ್ನೆ

ಪಕ್ಕದ ಮನೆಯವರು ನಿವೃತ್ತ ಕನ್ನಡ ಮಾಸ್ತರರು. ಅವರ ರಿಮೋಟ್ ಕಳೆಯಿತು. ಫೋನನ್ನೇ ರಿಮೋಟ್ ಮಾಡಿಕೊಳ್ಳಬಹುದು ಎಂದು ಯಾರೋ ಹೇಳಿದರು. ಮಾಸ್ತರರು ಆ್ಯಪ್ ಹಾಕಿಕೊಂಡರು. ಅಭಿಮಾನದ ಮನುಷ್ಯ, ಅದರ ಭಾಷೆಯನ್ನೂ ಕನ್ನಡಕ್ಕೆ ಬದಲಿಸಿದರು.

ಮಧ್ಯಾಹ್ನ ನನ್ನನ್ನು ಕರೆದರು.

"ಟೀವಿ ಹಾಳಾಗೇತ್ರಿ. ಮುಂಜಾನಿಂದ ಒದ್ದಾಡಾಕತ್ತೀನಿ, ಫೋನಿಗೆ ಸಿಗವಲ್ದು."

"ಏನ್ ಮಾಡಿದ್ರಿ?"

"ಅದು ಹೇಳಿದಂಗ ಮಾಡೀನ್ರಿ. ಒಂದಕ್ಷರ ಬಿಟ್ಟಿಲ್ಲ."

"ನನ್ನ ಮುಂದ ಮಾಡ್ರಿ."

ಫೋನಿನಲ್ಲಿ ಬಂತು: 'ನಿಮ್ಮ ಟೀವಿಯನ್ನು ಆರಿಸಿ.' ಮಾಸ್ತರರು ಮೊಣಕಾಲು ಹಿಡಿದುಕೊಂಡು ಎದ್ದರು. ಟೀವಿಯ ಹತ್ತಿರ ಹೋದರು. ಬಟನ್ ಒತ್ತಿ ಟೀವಿ ಬಂದ್ ಮಾಡಿ ಬಂದು ಕುಳಿತರು. ಫೋನ್ ಹೇಳಿತು: 'ಟೀವಿ ಸಿಗುತ್ತಿಲ್ಲ. ಮತ್ತೆ ಪ್ರಯತ್ನಿಸಿ.' ಮತ್ತೆ ಎದ್ದರು. ಟೀವಿ ಹಚ್ಚಿ ಬಂದರು. 'ನಿಮ್ಮ ಟೀವಿಯನ್ನು ಆರಿಸಿ.' ಮತ್ತೆ ಎದ್ದರು.

ನಾನು ತಡೆದೆ. "ಮಾಸ್ತರ, ಆರಿಸು ಅಂದ್ರ ಏನ್ರಿ?"

"ನಂದಿಸು. ದೀಪ ಆರಿಸು ಅನ್ನಂಗಿಲ್ಲೇನು?"

"ಇನ್ನೊಂದು ಅರ್ಥ?"

"ಆಯ್ದುಕೊಳ್ಳು..."

ಮಾಸ್ತರರು ಫೋನ್ ನೋಡಿದರು. ಟೀವಿ ನೋಡಿದರು. ಮೊಣಕಾಲು ತಿಕ್ಕಿಕೊಂಡರು.

"ನಾನಾರ್ಥ ಅಂತ ನಾನ ಕಲಸ್ತಿದ್ದೆ" ಎಂದರು.

"ಎಷ್ಟು ಮಾರ್ಕ್ಸಿಂದು?"

"ಎರಡು."

"ಹೋದ್ವಲ್ರಿ."

ಸಂಜೆ ಅವರು ಓಣಿಯಲ್ಲಿ ಹೇಳಿದ್ದೇ ಬೇರೆ. "ಟೀವಿ ಭಾಳ ಕೆಟ್ಟಿತ್ತು. ಇವರು ಬಂದು ಎರಡು ನಿಮಿಷದಾಗ ರಿಪೇರಿ ಮಾಡಿದ್ರು." ಅವರ ಮಾನ ಉಳಿಯಿತು, ನನ್ನ ಹೆಸರು ಬೆಳೆಯಿತು. ಏನೂ ತಪ್ಪಿಲ್ಲದ ಟೀವಿ ಮಾತ್ರ ಬೈಸಿಕೊಂಡಿತು.

ಬಡಿಯುವ ಪದ್ಧತಿ

ಹನುಮಸಾಗರದ ರೈತನೊಬ್ಬ ಫೋನ್ ತಂದ. ಗಾಜು ಜೇಡರ ಬಲೆಯಾಗಿತ್ತು.

"ಬಿತ್ತೇನು?"

"ಇಲ್ರಿ. ಟೀವಿ ಚಾಲೂ ಆಗ್ಲಿಲ್ಲ, ಬಡದೆ."

"ಯಾಕ ಬಡದಿ?"

"ಫೋನ್ ರಿಮೋಟ್ ಆದ್ಮ್ಯಾಗ ಬಡೀಬೇಕಲ್ರಿ. ಎರಡು ಸಲ ಅಂಗೈಗೆ ಬಡದೆ. ಬರ್ಲಿಲ್ಲ. ಒಂದು ಸಲ ಮಂಚದ ಕಾಲಿಗೆ ಬಡದೆ."

"ಬಂತೇನು?"

"ಕರೆಂಟ್ ಹೋಗಿತ್ತಂತ್ರಿ, ಆಮ್ಯಾಲೆ ಗೊತ್ತಾತು."

ಪಾರ್ಟ್ ಬರಬೇಕು

ನನ್ನ ಮನೆಯ ಉತಾರದಲ್ಲಿ, ಅಂದರೆ ಹಕ್ಕಿನ ಕಾಗದದಲ್ಲಿ, ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ತಿದ್ದಿಸಲು ಕೊಪ್ಪಳದ ಒಂದು ಕಚೇರಿಗೆ ಅಲೆಯುತ್ತಿದ್ದೆ. ಮೂರನೆಯ ಸಲ ಹೋದಾಗ ಹೊರಗಿನ ಬೆಂಚಿನ ಮೇಲೆ ಹತ್ತಾರು ಜನ. ಒಳಗೆ ಸಾಹೇಬರು. ಅವರ ಎದುರಿನ ಗೋಡೆಯ ಮೇಲೆ ಟೀವಿ. ಟೀವಿಯಲ್ಲಿ ಕ್ರಿಕೆಟ್. ಬಾಗಿಲು ತೆರೆದೇ ಇತ್ತು. ಮುಚ್ಚಿಕೊಂಡು ನೋಡುವಷ್ಟು ಸಂಕೋಚ ಅವರಿಗಿರಲಿಲ್ಲ.

ಯಾರು ಒಳಗೆ ಹೋದರೂ ಒಂದೇ ಮಾತು: "ನಾಳಿ ಬರ್ರಿ."

ನನ್ನ ಪಕ್ಕದಲ್ಲಿ ತಳಕಲ್ಲಿನ ಒಬ್ಬ ರೈತ ಕುಳಿತಿದ್ದ. ಅವನಿಗೂ ನಾಳೆ ಬಾ ಎಂದಿದ್ದರು. ಅವನು ಫೋನ್ ತೆಗೆದ. ಅದರ ತಲೆಯಲ್ಲಿ ರಿಮೋಟಿನಂಥದೇ ಸಣ್ಣ ದೀಪವಿತ್ತು. ಅಂಥ ಫೋನಿಗೆ ಟೀವಿ ಯಾರದಾದರೇನು, ಎದುರಿಗಿದ್ದರೆ ಸಾಕು. ಫೋನನ್ನು ಬಾಗಿಲ ಕಡೆಗೆ ತಿರುಗಿಸಿ ಒತ್ತಿದ.

ಟೀವಿ ಬಂದ್ ಆಯಿತು.

ಸಾಹೇಬರು ತಮ್ಮ ರಿಮೋಟ್ ಒತ್ತಿದರು. ಹತ್ತಿತು. ಇವನು ಒತ್ತಿದ. ಆರಿತು. ಸಾಹೇಬರು ಎದ್ದು ನಿಂತು ಒತ್ತಿದರು. ಇವನು ಕುಳಿತೇ ಒತ್ತಿದ. ಕಾಲು ತಾಸು ಹೀಗೇ ಆಯಿತು. ಬೇಸತ್ತು ಸಾಹೇಬರು ಗೋಡೆ ನೋಡಿದರು. ನೋಡಲು ಬೇರೇನೂ ಇರಲಿಲ್ಲ. ಫೈಲ್ ತೆಗೆದರು.

ಹೊತ್ತು ಮುಳುಗುವ ತನಕ ಬೇಡ, ಊಟದ ಹೊತ್ತಿಗೇ ಅರ್ಧ ಬೆಂಚು ಖಾಲಿಯಾಯಿತು. ನನ್ನ ಅಕ್ಷರವೂ ಸರಿಯಾಯಿತು.

ಅಷ್ಟರಲ್ಲಿ ಅಲ್ಲಿನ ಜವಾನ ನನ್ನ ಗುರುತು ಹಿಡಿದ. "ಸಾಹೇಬ್ರ, ಇವರು ಕುಷ್ಟಗ್ಯಾಗ ದೊಡ್ಡ ಟೀವಿ ಮೆಕ್ಯಾನಿಕ್ರಿ!"

ಸಾಹೇಬರ ಮುಖ ಅರಳಿತು. "ಸ್ವಲ್ಪ ನೋಡ್ರಿ ಯಜಮಾನ್ರ."

ಟೀವಿಯ ಮುಂದೆ ನಿಂತೆ. ತಿರುಗಿ ಹೊರಗೆ ನೋಡಿದೆ. ತಳಕಲ್ಲಿನವನ ಕೆಲಸ ಇನ್ನೂ ಆಗಿರಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ. ಬೆಂಚಿಗೆ ಬೆಂಚೇ ನನ್ನನ್ನು ನೋಡುತ್ತಿತ್ತು.

"ಪಾರ್ಟ್ ಬರಬೇಕ್ರಿ. ಎಂಟು ದಿನ" ಎಂದೆ.

"ಏನ್ ಮೆಕ್ಯಾನಿಕ್ರಿ ನೀವು!" ಎಂದರು ಸಾಹೇಬರು. ಮೊದಲ ಸಲ ಕೈಗುಣಕ್ಕೆ ಪೆಟ್ಟು ಬಿತ್ತು. ನುಂಗಿಕೊಂಡು ಹೊರಗೆ ಬಂದೆ.

ಬೆಂಚಿನ ಕೊನೆಯಲ್ಲಿದ್ದ ಅಜ್ಜಿ ನನ್ನ ಪಂಚೆ ಹಿಡಿದು ಎಳೆದಳು. "ಯಪ್ಪಾ, ಎಂಟು ದಿನ ಸಾಲಂಗಿಲ್ಲ. ತಿಂಗಳು ಅನ್ನು."

ಎಲ್ಲರ ಕೈಯಲ್ಲೂ ಅಧಿಕಾರ

ಮಗಳನ್ನು ಗಂಗಾವತಿಗೆ ಕೊಟ್ಟಿದ್ದೇನೆ. ಬೀಗರದು ಅಕ್ಕಿ ವ್ಯಾಪಾರ. ಮನೆಯಲ್ಲಿ ಐದು ಜನ, ಐದು ಫೋನ್, ಒಂದು ಟೀವಿ. ಐದರಲ್ಲೂ ರಿಮೋಟ್.

"ನಮ್ಮ ಮನ್ಯಾಗ ಜಗಳ ಇಲ್ರಿ ಬೀಗರ. ಎಲ್ಲಾರ ಕಡೆನೂ ರಿಮೋಟ್ ಐತಿ" ಎಂದರು ಬೀಗರು, ಎದೆ ಉಬ್ಬಿಸಿ.

ಟೀವಿ ಹಚ್ಚಿದರು. ಮಂತ್ರಿಯೊಬ್ಬರು ಕಂಡರು. "ರೈತರನ್ನು ನಾವು..." ಎಂದರು. ಅಷ್ಟರಲ್ಲಿ ಬೀಗಿತ್ತಿ ಒತ್ತಿದರು. "...ಸಣ್ಣ ಉರಿಯಲ್ಲಿ ಕೆಂಪಗೆ ಹುರಿದುಕೊಳ್ಳಿ" ಎಂದಳು ಅಡುಗೆಯವಳು. ಅಳಿಯ ಒತ್ತಿದ. "ಅದ್ಭುತ! ಚೆಂಡು ಮೈದಾನದ ಹೊರಗೆ!" ಮಗಳು ಒತ್ತಿದಳು. "ಅತ್ತೆ, ನಿಮ್ಮ ಕಾಲಿಗೆ ಬೀಳುತ್ತೇನೆ."

ಒಂದು ತಾಸು ಕುಳಿತೆ. ಪೂರ್ತಿ ನೋಡಿದ್ದು ಒಂದು ಜಾಹೀರಾತು. ಆಗ ಐವರೂ ಚಹಾ ಕುಡಿಯುತ್ತಿದ್ದರು.

ಹೊರಡುವಾಗ ಅಳಿಯ ನನ್ನ ಫೋನ್ ಇಸಿದುಕೊಂಡ. "ನಿಮಗೂ ರಿಮೋಟ್ ಹಾಕಿಕೊಡ್ತೀನ್ರಿ ಮಾವಾರ. ಫೋನಿಗೆ ಹೆಸರು ಏನ್ ಇಡಲಿ?"

"ಏನರ ಇಡು."

'ಮಾವ' ಎಂದು ಇಟ್ಟ. ಅಲ್ಲಿಗೇ ನನ್ನ ಗ್ರಹಚಾರ ಶುರುವಾಯಿತು.

ಕೈಗುಣ

ನಮ್ಮ ಮನೆಯ ರಿಮೋಟ್ ನನ್ನ ಹೆಂಡತಿಯದು. ಪ್ಲಾಸ್ಟಿಕ್ ಚೀಲ ತೊಡಿಸಿ, ರಬ್ಬರ್ ಹಾಕಿ, ತಲೆದಿಂಬಿನ ಕೆಳಗೆ ಇಡುತ್ತಾಳೆ. ಸಂಜೆ ಏಳರಿಂದ ಎಂಟು ಅವಳ ಧಾರಾವಾಹಿ. ಎಂಟಕ್ಕೆ ನನ್ನ ವಾರ್ತೆ. ಆ ಧಾರಾವಾಹಿಯಲ್ಲಿ ಒಬ್ಬ ಸೊಸೆ ಮೂರು ವರ್ಷದಿಂದ ಅಳುತ್ತಿದ್ದಾಳೆ. ಕಣ್ಣೀರಿಗೆ ಅಂಥ ಕೈಗುಣ ನಾನು ಬೇರೆಲ್ಲೂ ಕಂಡಿಲ್ಲ.

ಗಂಗಾವತಿಯಿಂದ ಬಂದ ಮರುದಿನ ಫೋನ್ ತೆಗೆದೆ. 'ನಿಮ್ಮ ಟೀವಿಯನ್ನು ಆರಿಸಿ' ಎಂದಿತು. ಆಯ್ದುಕೊಂಡೆ. ಮಾಸ್ತರರ ತಪ್ಪು ಮಾಡಲಿಲ್ಲ. ಸಂಜೆ ಹೊರಗಿನ ಕಟ್ಟೆಯ ಮೇಲೆ, ಒಳಗಿನ ಟೀವಿ ಕಾಣುವಂತೆ, ಪೇಪರ್ ಹಿಡಿದು ಕುಳಿತೆ. ಸೊಸೆ ಅಳಲು ಬಾಯಿ ತೆರೆದಳು. ಫೋನ್ ಒತ್ತಿ ದನಿ ಬಂದ್ ಮಾಡಿದೆ. ಬಾಯಿ ಆಡುತ್ತಿತ್ತು, ಸದ್ದಿಲ್ಲ. ಆ ಧಾರಾವಾಹಿ ಅಷ್ಟು ಚೆನ್ನಾಗಿ ಎಂದೂ ಕಂಡಿರಲಿಲ್ಲ.

"ಏನ್ರಿ, ಟೀವಿಗೆ ಏನಾಗೇತಿ ನೋಡ್ರಿ" ಎಂದಳು ಒಳಗಿಂದ.

ಹೋದೆ. ಹಿಂದಿನ ಮುಚ್ಚಳ ಬಿಚ್ಚಿದೆ. ಊದಿದೆ. ಮುಚ್ಚಿದೆ. "ಟೀವಿ ಕೆಟ್ಟೈತಿ" ಎಂದೆ. ಸುಳ್ಳು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ.

ಮರುದಿನ ಟೀವಿಯನ್ನೇ ಬಂದ್ ಮಾಡಿದೆ. ಅದರ ಮರುದಿನವೂ. ದಿನಾ ಬಿಚ್ಚುವುದು, ಊದುವುದು, ಮುಚ್ಚುವುದು. ಎಂಟು ಹೊಡೆದ ಕೂಡಲೇ ಟೀವಿ ಗುಣವಾಗುತ್ತಿತ್ತು. ವಾರ್ತೆ ನೋಡುತ್ತಿದ್ದೆ.

ವಾರ ಕಳೆಯಿತು. ಒಂದು ದಿನ ನಳದ ಹತ್ತಿರ ಹೆಂಡತಿ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಇವರ ಕೈ ಹೋತವ್ವಾ. ಮನಿ ಟೀವಿನ ರಿಪೇರಿ ಆಗವಲ್ದು."

ಮರುದಿನದಿಂದ ಮಿಕ್ಸರ್ ಬರುವುದು ನಿಂತಿತು. ಎದುರು ಮನೆಯಾಕೆ ರಿಮೋಟ್ ಹಿಡಿದು ನನ್ನ ಕಟ್ಟೆ ದಾಟಿ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋದಳು. ಮಾಸ್ತರರು ಬಂದು ಪಕ್ಕದಲ್ಲಿ ಕುಳಿತು, "ವಯಸ್ಸಾತ್ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದರು. ನಲವತ್ತು ವರ್ಷದ ಹೆಸರು, ಎಂಟು ದಿನದಲ್ಲಿ.

ನಿಜ ಹೇಳಬೇಕು, ಇಲ್ಲ ಹೆಸರು ಬಿಡಬೇಕು. ಎರಡೂ ಬೇಡವೆನಿಸಿತು. ಫೋನ್ ಮುಟ್ಟುವುದನ್ನೇ ಬಿಟ್ಟೆ. ಅಂದು ಸಂಜೆ ಧಾರಾವಾಹಿ ಪೂರ್ತಿ ಬಂತು. ಸೊಸೆ ಮನಸಾರೆ ಅತ್ತಳು.

"ರಿಪೇರಿ ಆತು" ಎಂದು ಬೀಗಿದೆ.

ಎಂಟಾಯಿತು. ವಾರ್ತೆಯ ಸಂಗೀತ ಬಂತು. ಟೀವಿ ಬಂದ್ ಆಯಿತು.

ನಾನು ಒತ್ತಿರಲಿಲ್ಲ.

ಹಚ್ಚಿದೆ. ಬಂದ್ ಆಯಿತು. ಈಗ ನಿಜವಾಗಿಯೂ ಬಿಚ್ಚಿದೆ. ಮೂರು ದಿನ ಹುಡುಕಿದೆ. ಬೋರ್ಡ್ ತೆಗೆದೆ. ತಂತಿ ತಂತಿ ತಡಕಿದೆ. ಪಡಸಾಲೆಯ ತುಂಬ ಬೆಡ್‌ಶೀಟ್, ಬೆಡ್‌ಶೀಟಿನ ತುಂಬ ಟೀವಿ. ದೋಷವಿಲ್ಲ. ಆದರೂ ಜೋಡಿಸಿದರೆ ಎಂಟಕ್ಕೆ ಸರಿಯಾಗಿ ಆರುತ್ತದೆ. ಕೈ ನಿಜವಾಗಿಯೂ ಹೋಯಿತು ಎಂದುಕೊಂಡೆ.

ನಾಲ್ಕನೆಯ ಸಂಜೆ ಮತ್ತೆ ಜೋಡಿಸಿದೆ. ಮಾಸ್ತರರು ಸಮಾಧಾನ ಹೇಳಲು ಬಂದಿದ್ದರು. ಈ ಸಲ ಕನ್ನಡಕ ಹಾಕಿಕೊಂಡು ಪರದೆಯ ಮುಂದೆಯೇ ನಿಂತು ಟೀವಿ ಹಚ್ಚಿದೆ. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರ ಬಂದು ಹೋಯಿತು: 'ಅತ್ತಿ ಅವರ ಫೋನ್ ಜೋಡಣೆಯಾಗಿದೆ.'

ಹಿಂತಿರುಗಿದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಫೋನ್.

"ಇದು ಯಾವಾಗಿಂದ?" ಎಂದೆ.

"ನಿಮ್ಮದು ಯಾವಾಗಿಂದ?" ಎಂದಳು.

ನಾನು ಕನ್ನಡಕ ತೆಗೆದು ಒರೆಸಿದೆ.

"ಮೊದಲನೇ ದಿನಾನ ಟೀವ್ಯಾಗ ಬಂದಿತ್ತು, 'ಮಾವ' ಅಂತ. ನೀವು ಕಟ್ಟಿ ಮ್ಯಾಗ ಪೇಪರ್ ತಲಿಕೆಳಗ ಹಿಡಕೊಂಡು ಕುಂತಿದ್ರಿ. ನಿಮಗ ಕಾಣ್ಲಿಲ್ಲ. ನಾನೂ ಅಳಿಯಗ ಫೋನ್ ಮಾಡಿ ಕಲತುಕೊಂಡೆ."

"ಮತ್ತ ಕೈ ಹೋತು ಅಂತ ಓಣಿಗೆಲ್ಲ ಯಾಕ ಹೇಳಿದಿ?"

"ಟೀವಿ ಕೆಟ್ಟೈತಿ ಅಂದವರು ನೀವ. ರಿಪೇರಿ ಆಗಲಿಲ್ಲ. ನಾ ಏನ್ ಸುಳ್ಳು ಹೇಳೀನಿ?"

ಮಾಸ್ತರರು ಕೆಮ್ಮಿದರು. ಹೆಂಡತಿ ಮುಂದುವರಿಸಿದಳು. "ಈಗ ಒಂದು ಮಾತು ಕೇಳ್ರಿ. ನನ್ನ ಧಾರಾವಾಹಿ ನೀವು ಉಳಸ್ರಿ. ನಿಮ್ಮ ಹೆಸರು ನಾ ಉಳಸ್ತೀನಿ."

ನನ್ನ ಫೋನ್ ಕೈಗೆ ತೆಗೆದುಕೊಂಡೆ. ಬೆರಳು ಎಲ್ಲಿಗೋ ತಾಗಿತು. ಟೀವಿಯ ಪರದೆಯ ಮೇಲೆ ದೊಡ್ಡ ಅಕ್ಷರಗಳು ಬಂದವು. ಮಾಸ್ತರರು ಗಟ್ಟಿಯಾಗಿ, ಪಾಠ ಓದಿದಂತೆ ಓದಿದರು: "ಮಾವ ಮತ್ತು ಅತ್ತಿ, ಎರಡು ಫೋನ್ ಜೋಡಣೆಯಾಗಿವೆ. ಒಂದನ್ನು ಆರಿಸಿ."

ಹೆಂಡತಿ ನನ್ನನ್ನು ನೋಡಿದಳು. ಟೀವಿ ನನ್ನನ್ನು ನೋಡಿತು.

ನಾನು ನನ್ನ ಫೋನಿನ ಪಕ್ಕದ ಗುಂಡಿ ಅದುಮಿ ಹಿಡಿದೆ. ಫೋನೇ ಬಂದ್ ಆಯಿತು.

ಹೆಂಡತಿ ಕಟ್ಟೆಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು. "ಟೀವಿ ಬಂತವ್ವಾ! ಭಾಳ ಕೆಟ್ಟಿತ್ತು, ಇವರ ಮಾಡಿದ್ರು! ಏನ್ ಕೈಗುಣ ಅಂತಿ!" ಎದುರು ಮನೆಯಾಕೆ ಆಗಲೇ ಮಿಕ್ಸರ್ ಹಿಡಿದು ಹೊರಬಿದ್ದಳು.

ಮಾಸ್ತರರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಎರಡೂ ಅರ್ಥ ಸರಿಯಾಗಿ ಬರೆದ್ರಿ ನೀವು. ಪೂರ್ತಿ ಎರಡು ಮಾರ್ಕ್ಸ್."