ಅಮಾವಾಸ್ಯೆಗೆ ಏಳದ ಧೂಳು

ದೊಡ್ಡ ವಿಷಯ ಮಾತಾಡಬೇಕೆಂದು ಗಂಭೀರವಾಗಿ ಕುಳಿತಾಗಲೇ ನನ್ನೆದುರು ಏನಾದರೊಂದು ಆಗಿಬಿಡುತ್ತದೆ. ವಿಜ್ಞಾನಿಗಳ ಸಂಗಡ ಕುಳಿತಾಗಂತೂ ಒಂದು ಸಲವೂ ತಪ್ಪಿಲ್ಲ.

ನಾನು ಬೀದರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಭಾನುವಾರ ಬೆಳಿಗ್ಗೆ ಊರಿನ ಸಣ್ಣ ರೇಡಿಯೋ ಕೇಂದ್ರದಲ್ಲಿ ಒಂದು ಕಾರ್ಯಕ್ರಮ ನಡೆಸುತ್ತೇನೆ. ನೆಲ, ಮಳೆ, ಮೋಡ, ಗಾಳಿ ಅಂತ ಅಧ್ಯಯನ ಮಾಡುವವರು ನಮ್ಮ ಜಿಲ್ಲೆಗೆ ಬಂದರೆ ಅವರನ್ನು ಹಿಡಿದು ಕೂರಿಸಿ, ಏನು ಹುಡುಕುತ್ತಿದ್ದೀರಿ, ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ಕೇಳುತ್ತೇನೆ. ಪಾಪ, ಅವರೂ ಹೇಳುತ್ತಾರೆ.

ಈ ಬೇಸಿಗೆಯಲ್ಲಿ ನನ್ನ ಪ್ರಶ್ನೆಗಳ ಜೊತೆ ಇನ್ನೂ ಮೂರು ಸೇರಿಕೊಂಡವು. ಅವು ನನ್ನ ಹೆಂಡತಿಯವು. ಮಗಳ ಪಿಯುಸಿ ಮುಗಿದಿತ್ತು. ಅವಳಿಗೆ ಭೂವಿಜ್ಞಾನ ಓದುವ ಹುಚ್ಚು. ಅವಳ ಅವ್ವನಿಗೆ ಮಗಳು ಫಾರ್ಮಸಿ ಮುಗಿಸಿ, ಭಾಲ್ಕಿಯಲ್ಲಿ ಸೋದರಮಾವನ ಔಷಧಿ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂರಲಿ ಎಂಬ ಆಸೆ. ಕಾಲೇಜಿನ ಫಾರ್ಮಿನಲ್ಲಿ ನಾನು ಸಹಿ ಮಾಡಿದ್ದೆ. ತಾಯಿಯ ಸಹಿಯ ಜಾಗ ಖಾಲಿ. ಅವ್ವ ಸಹಿ ಮಾಡದ ಹೊರತು ಫಾರ್ಮು ಕೊಡುವುದಿಲ್ಲ ಎಂದು ಮಗಳ ಹಟ. ಕಾಗದ ದೇವರ ಜಗಲಿಯ ಮೇಲೆ ಬಸವಣ್ಣನ ಫೋಟೋದ ಹಿಂದೆ ಹೋಗಿ ಕುಳಿತಿತು.

"ನಿಮ್ಮ ರೇಡಿಯೋಕ್ಕ ಬರೋರಿಗಿ ಮೂರೇ ಮಾತು ಕೇಳ್ರಿ," ಎಂದಳು ಹೆಂಡತಿ. "ಹೊತ್ತಿಗಿ ಉಣ್ತಾರೇನು, ಬಿಸಲಾಗ ತಿರಗ್ತಾರೇನು, ಮನೀಗಿ ಯಾವಾಗ ಬರ್ತಾರ. ಉತ್ರ ಬರೋಬ್ಬರ್ ಬಂದ್ರ ಸಹಿ ಮಾಡ್ತೇನಿ."

೧. ಭಾಲ್ಕಿಯ ಮಣ್ಣು

ಮೊದಲು ಸಿಕ್ಕವರು ಒಬ್ಬ ಭೂವಿಜ್ಞಾನಿ, ಮೂವತ್ತರ ಹರೆಯದ ಹೆಣ್ಣುಮಗಳು. ನಮ್ಮ ಕಡೆಯ ಕೆಂಪು ಕಲ್ಲಿನ ನೆಲ ಎಲ್ಲಿ ಮುಗಿದು ಕರಿ ಮಣ್ಣು ಎಲ್ಲಿ ಶುರುವಾಗುತ್ತದೆ ಎಂದು ಹೊಲ ಹೊಲ ತಿರುಗಿ ನೋಡುವುದು ಅವರ ಕೆಲಸ. ಭಾಲ್ಕಿಯ ಹತ್ತಿರ ಒಂದು ಹೊಲದಲ್ಲಿ ಸಿಗುತ್ತೇನೆ ಎಂದರು. ನಾನು ಧ್ವನಿ ಹಿಡಿಯುವ ಯಂತ್ರ ಹೊತ್ತು ಹೋದೆ.

ಅವರು ಮಾತಾಡುತ್ತಲೇ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಬಾಯಿಗೆ ಹಾಕಿಕೊಂಡರು. ಹಲ್ಲಿನ ನಡುವೆ ಕರಕರ ಎಂದರೆ ಒಂದು ಜಾತಿ, ಬೆಣ್ಣೆಯಂತೆ ಜಾರಿದರೆ ಇನ್ನೊಂದು ಜಾತಿ, ಹೊಲದಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ ಎಂದು ವಿವರಿಸಿದರು. ಬದುವಿನ ಹುಣಸೆಗಿಡದ ಕೆಳಗೆ ಕಾಯಿ ಆರಿಸುತ್ತಿದ್ದ ಹೊಲದ ಒಡತಿ, ಒಬ್ಬ ಅಜ್ಜಿ, ಕೆಲಸ ಬಿಟ್ಟು ನೋಡುತ್ತಾ ನಿಂತಳು. ಎರಡನೆಯ ಚಿಟಿಕೆ ಬಾಯಿಗೆ ಹೋದ ಮೇಲೆ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಸೆರಗಿನ ತುಂಬ ಹುಣಸೆಹಣ್ಣು ತಂದು, ಮಣ್ಣು ತಿಂದರೆ ಕೂಸಿಗೆ ಒಳ್ಳೆಯದಲ್ಲ, ಬಾಯಿ ಬೇಡಿದರೆ ಇದನ್ನು ತಿನ್ನು ಎಂದಳು.

ಭೂವಿಜ್ಞಾನಿ ನಕ್ಕು, ಬಸಿರೂ ಇಲ್ಲ ಬಯಕೆಯೂ ಇಲ್ಲ, ಇದು ನನ್ನ ನೌಕರಿ, ಇದಕ್ಕೇ ಸಂಬಳ ಕೊಡುತ್ತಾರೆ ಎಂದು ತಿಳಿಸಿ ಹೇಳಿದರು. ಅಜ್ಜಿ ನನ್ನ ಕಡೆ ತಿರುಗಿ ಕನಿಕರದಿಂದ ಹೇಳಿದಳು: "ಮೊದಲನೇದಕ್ಕ ಎಲ್ಲಾರೂ ಹಿಂಗೇ ಏನರ ಒಂದು ನೆಪ ಹೇಳ್ತಾರ್ರಿ."

ಹೊಲದ ಪಕ್ಕದಲ್ಲೇ ಅವಳ ಮನೆ. ಬಿಡಲಿಲ್ಲ. ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿ, ಅಕ್ಕಿ, ಉತ್ತತ್ತಿ, ಕೊಬ್ಬರಿ, ಬೆಲ್ಲ, ಒಂದು ಕುಬಸದ ಖಣ ಇಟ್ಟು ಉಡಿ ತುಂಬಿಯೇ ಕಳಿಸಿದಳು. ವಿಜ್ಞಾನಿ ಮರಳುವ ದಾರಿಯಲ್ಲಿ ಕೊಬ್ಬರಿ ಬೆಲ್ಲ ತಿನ್ನುತ್ತಾ, ಆರು ವರ್ಷದ ನೌಕರಿಯಲ್ಲಿ ಇಷ್ಟು ಚೆನ್ನಾಗಿ ಯಾರೂ ನೋಡಿಕೊಂಡಿರಲಿಲ್ಲ ಎಂದರು.

ನಾನು ಮನೆಗೆ ಬಂದು, ಹನ್ನೆರಡು ಗಂಟೆಗೆ ಸರಿಯಾಗಿ ತಿಂದರು ಎಂದು ಹೆಂಡತಿಗೆ ವರದಿ ಒಪ್ಪಿಸಿದೆ. ಏನು ತಿಂದರು ಎಂದು ಕೇಳಿದಳು. ನಾನು ಸುಳ್ಳು ಹೇಳುವವನಲ್ಲ, ಮೊದಲಿನಿಂದ ಹೇಳಿದೆ. ಫಾರ್ಮು ಬಸವಣ್ಣನ ಫೋಟೋದ ಹಿಂದೆ ಇನ್ನೂ ನಾಲ್ಕು ಬೆರಳು ಒಳಗೆ ಸರಿಯಿತು.

೨. ಔರಾದಿನ ಮಳೆಮಾಪಕ

ಎರಡನೆಯವರು ಮಳೆಯ ಲೆಕ್ಕ ಹಾಕುವ ವಿಜ್ಞಾನಿ. ಜೀಪಿನಲ್ಲಿ ಕೂತಾಗಲೇ ಬಿಸಿಲಿನ ಪ್ರಶ್ನೆ ಕೇಳಿಬಿಟ್ಟೆ. ವರ್ಷದ ಬಹುಪಾಲು ತಂಪು ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತೇನೆ, ಹೊರಗೆ ಬರುವುದೇ ಅಪರೂಪ ಎಂದರು. ಈ ಮಾತನ್ನು ಎರಡು ಸಲ ಹೇಳಿಸಿ ಧ್ವನಿ ಹಿಡಿದುಕೊಂಡೆ.

ಅವತ್ತು ಹೊರಗೆ ಬರಲು ಕಾರಣವಿತ್ತು. ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಟ್ಟಿದ್ದ ಮಳೆಮಾಪಕ ಎರಡು ಮಳೆಗಾಲದಿಂದ ಸೊನ್ನೆ ತೋರಿಸುತ್ತಿತ್ತು. ಸುತ್ತಲಿನ ಊರುಗಳಲ್ಲಿ ಹಳ್ಳ ತುಂಬಿ ಹರಿದಿದ್ದವು. ಇದೊಂದು ಊರಿನ ಮೇಲೆ ಹನಿ ಬಿದ್ದಿರಲಿಲ್ಲ. ಯಂತ್ರ ಕೆಟ್ಟಿದೆಯೋ, ಕಳುವಾಗಿದೆಯೋ ನೋಡಲು ಹೊರಟಿದ್ದರು. ದಾರಿಯಲ್ಲಿ ಸೇತುವೆ ಅಗೆದಿದ್ದರಿಂದ ಜೀಪು ನಿಂತಿತು. ಮೇ ತಿಂಗಳ ಬಿಸಿಲಿನಲ್ಲಿ ಎರಡು ಮೈಲು ನಡೆದೆವು.

ಮಳೆಮಾಪಕ ಇದ್ದದ್ದು ಒಬ್ಬ ಹಿರಿಯರ ಅಂಗಳದಲ್ಲಿ. ಅದರ ಮೇಲೆ ಒಂದು ಸ್ಟೀಲಿನ ಕೊಡ ಬೋರಲು ಹಾಕಿ, ಕೊಡಕ್ಕೆ ಗೋಣಿತಟ್ಟು ಸುತ್ತಿ, ಗಾಳಿಗೆ ಹಾರಬಾರದೆಂದು ಕಲ್ಲು ಇಟ್ಟಿದ್ದರು. ಹಿರಿಯರು ಒಂದೊಂದನ್ನೇ ನಿಧಾನವಾಗಿ ಬಿಚ್ಚಿದರು. ಒಳಗಿನ ತಾಮ್ರದ ಬಣ್ಣ ಅಂಗಡಿಯಿಂದ ಈಗ ತಂದಂತಿತ್ತು. ವಿಜ್ಞಾನಿ ಯಾಕೆ ಮುಚ್ಚಿದ್ದೀರಿ ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಇದನ್ನ ಕೂಡ್ಸಿದ ಸಾಹೇಬ್ರು ಹೇಳಿದ್ರರಿ, ಸರಕಾರಿ ಸಾಮಾನ ಅದ, ಒಳಗ ಏನೂ ಬೀಳಬಾರ್ದು ಅಂತ," ಎಂದರು ಹಿರಿಯರು. "ಮೋಡ ಕಟ್ಟಿತಂದ್ರ ಹೊಲದಾಗ ಎಷ್ಟೇ ಕೆಲಸ ಇರ್ಲಿ, ಬಿಟ್ಟು ಓಡಿ ಬರ್ತೇನಿ. ಎರಡು ಮಳಿಗಾಲ ಆಯ್ತರಿ, ಒಂದು ಹನಿ ಒಳಗ ಬಿಟ್ಟಿಲ್ಲ."

ದಿನಕ್ಕೊಂದು ಸೊನ್ನೆಯನ್ನು ದುಂಡಗೆ ಬರೆದಿಟ್ಟ ಪುಸ್ತಕವನ್ನೂ ತಂದು ತೋರಿಸಿದರು. ಒಂದು ದಿನವೂ ತಪ್ಪಿರಲಿಲ್ಲ. ಅಷ್ಟು ನಿಷ್ಠೆಯ ಮನುಷ್ಯನಿಗೆ ಬೈಯುವುದಾದರೂ ಹೇಗೆ? ವಿಜ್ಞಾನಿ ಅವರ ಕೈ ಹಿಡಿದುಕೊಂಡು, ಇನ್ನು ಮುಂದೆ ಮಳೆಯನ್ನು ಮಾತ್ರ ಒಳಗೆ ಬಿಡಬಹುದು ಎಂದು ಅಪ್ಪಣೆ ಕೊಟ್ಟರು. ಆಮೇಲೆ ಜೇಬಿನಿಂದ ತಪಾಸಣೆಯ ಕಾಗದ ತೆಗೆದು, ಉಪಕರಣದ ಸ್ಥಿತಿ ಎಂಬಲ್ಲಿ ಸ್ವಲ್ಪ ಯೋಚಿಸಿ, ಅತ್ಯುತ್ತಮ ಎಂದು ಬರೆದರು.

ಊಟಕ್ಕೆ ನಮ್ಮ ಮನೆಗೇ ಕರೆತಂದೆ. ತಂಪು ಕೋಣೆಯ ಮಾತನ್ನು ಹೆಂಡತಿಗೆ ಯಂತ್ರದಿಂದ ಕೇಳಿಸುವ ಉತ್ಸಾಹ ನನಗೆ. ಅವಳು ಸುಟ್ಟ ಬದನೆಕಾಯಿಯಂತಾಗಿದ್ದ ಅವರ ಮುಖ ನೋಡಿ, ಒಂದು ತಂಬಿಗೆ ಮಜ್ಜಿಗೆ ಕೊಟ್ಟು, ಯಂತ್ರವನ್ನು ಒಳಗಿಡಲು ನನಗೆ ಕಣ್ಣಲ್ಲೇ ಹೇಳಿದಳು.

೩. ಮನ್ನಳ್ಳಿಯ ಫೋನು

ಮೂರನೆಯವರು ಬಹಳ ದೊಡ್ಡವರು. ಇಪ್ಪತ್ತು ವರ್ಷದಿಂದ ಮೋಡಗಳನ್ನೇ ಅಭ್ಯಾಸ ಮಾಡಿದವರು. ಕೇಳುಗರ ಫೋನು ಬಂದರೆ ಅವರೇ ಉತ್ತರಿಸುವುದೆಂದು ಮಾತಾಗಿತ್ತು. ಮನ್ನಳ್ಳಿಯಿಂದ ಒಬ್ಬ ರೈತ ಫೋನು ಮಾಡಿದ. ನಾನು ಮಳೆ ಯಾವಾಗ ಅಂತ ಕೇಳುತ್ತಾನೆಂದು ಕಾದೆ. ಅವನಿಗೆ ಮಳೆಯ ಚಿಂತೆ ಇರಲಿಲ್ಲ.

"ಸರ್, ಇಪ್ಪತ್ತು ವರ್ಷ ಆಯ್ತು ಓದ್ಲಿಕತ್ತೇನಿ ಅಂದ್ರಿ. ಮತ್ತ ಯಾವಾಗ ಮುಗೀತದರಿ?"

ವಿಜ್ಞಾನಿ ಬಾಯಿಯನ್ನು ಮೈಕಿನ ಹತ್ತಿರ ತಂದು, ನಮ್ಮ ತಾಯಿಯೂ ಪ್ರತಿ ಹಬ್ಬಕ್ಕೆ ಇದನ್ನೇ ಕೇಳುತ್ತಾರೆ ಎಂದರು. ಹಬ್ಬಕ್ಕಾದರೂ ಮನೆಗೆ ಹೋಗುತ್ತೀರಲ್ಲ ಎಂದು ನಾನು ಮಾತು ಸರಿಪಡಿಸಲು ನೋಡಿದೆ. ಇಲ್ಲ, ಫೋನಿನಲ್ಲಿ ಕೇಳುತ್ತಾರೆ ಎಂದರು.

ಮನೆಯಲ್ಲಿ ರೇಡಿಯೋ ಹಚ್ಚಿಯೇ ಇತ್ತು. ನಾನು ತಲುಪುವಷ್ಟರಲ್ಲಿ ಭಾಲ್ಕಿಯ ಸೋದರಮಾವನಿಗೆ ಹೆಂಡತಿಯ ಫೋನು ಹೋಗಿತ್ತು.

೪. ನಮ್ಮ ಮಾಳಿಗೆ

ಮೂರಕ್ಕೆ ಮೂರೂ ತಪ್ಪಿದ್ದವು. ಮಗಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಫಾರ್ಮು ಕೊಡಲು ಒಂದು ವಾರ ಉಳಿದಿತ್ತು. ಕಲ್ಲು ಕಂಡರೆ ಕಣ್ಣು ಅರಳಿಸುವ ಹುಡುಗಿಯನ್ನು ಮಾತ್ರೆ ಎಣಿಸಲು ಕೂರಿಸುವ ಮನಸ್ಸು ನನಗಿರಲಿಲ್ಲ.

ಈಗ ನಮ್ಮ ಮಾಳಿಗೆಯ ಮೇಲಿನ ಡಬ್ಬಿಯ ವಿಷಯ ಹೇಳಬೇಕು. ಮೈಸೂರು ಕಡೆಯ ಒಬ್ಬ ತರುಣ ವಿಜ್ಞಾನಿ ಮಾರ್ಚಿನಲ್ಲಿ ಅದನ್ನು ಇಟ್ಟು ಹೋಗಿದ್ದರು. ನಮ್ಮ ಮನೆ ಗಾಂಧಿ ಗಂಜ್ ಎಂಬ ಕಾಳುಕಡಿಯ ಪೇಟೆಗೆ ಹತ್ತಿರ. ಅಲ್ಲಿ ಲಾರಿಗೆ ತೊಗರಿ, ಕಡಲೆ ಏರಿಸುವಾಗ ಏಳುವ ಧೂಳು ಎಷ್ಟು ದೂರ ಬರುತ್ತದೆ ಎಂದು ಡಬ್ಬಿ ಅಳೆಯುತ್ತಿತ್ತು. ಅಳೆದದ್ದು ನೇರವಾಗಿ ಅವರ ಕಂಪ್ಯೂಟರಿಗೆ ಹೋಗುತ್ತಿತ್ತು. ಆ ಭಾನುವಾರ ಅವರೇ ನನ್ನ ಅತಿಥಿ.

ಅವರು ಬಂದದ್ದೇ ಕಣ್ಣಲ್ಲಿ ಹೊಳಪು ಇಟ್ಟುಕೊಂಡು. ಕಾರ್ಯಕ್ರಮದಲ್ಲಿ ದನಿ ತಗ್ಗಿಸಿ, ಇದನ್ನು ಇನ್ನೂ ಯಾರಿಗೂ ಹೇಳಿಲ್ಲ ಎಂದು ಶುರು ಮಾಡಿದರು. ಡಬ್ಬಿಯಲ್ಲಿ ಗಂಜಿನ ಧೂಳಲ್ಲದೆ ಇನ್ನೊಂದು ಧೂಳು ಕಾಣಿಸಿತ್ತು. ಕೆಲವು ದಿನ ಬೆಳಿಗ್ಗೆ ಹತ್ತೂವರೆಗೆ ಏರುತ್ತದೆ, ಎರಡು ಗಂಟೆಗೆ ಇಳಿಯುತ್ತದೆ. ಗಂಜಿಗೆ ರಜೆ ಇದ್ದ ದಿನವೂ ಏರುತ್ತದೆ. ಸೋಮವಾರ ಒಮ್ಮೆಯೂ ಏರಿಲ್ಲ. ಎಲ್ಲಕ್ಕಿಂತ ಸೋಜಿಗವೆಂದರೆ, ಅಮಾವಾಸ್ಯೆಗೆ ಏಳುವುದೇ ಇಲ್ಲ. ಸೋಮವಾರದ್ದು ಇನ್ನೂ ಬಗೆಹರಿದಿಲ್ಲ, ಆದರೆ ಚಂದ್ರನಿಗೂ ಬೀದರಿನ ಗಾಳಿಗೂ ಏನೋ ನಂಟಿದೆ, ಬರುವ ವಾರ ಹಿರಿಯರ ಮುಂದೆ ಇದನ್ನು ಮಂಡಿಸುತ್ತೇನೆ ಎಂದರು. ನಾನು ಹುಬ್ಬೇರಿಸಿ ತಲೆಯಾಡಿಸುತ್ತಾ ಕೇಳಿದೆ. ಆ ಧೂಳಿಗೆ ಎರಡು ತಿಂಗಳು ಮನೆಯಲ್ಲಿ ಕೂತು ಸೀನಿದ ಮಾಸ್ತರ ನಾನು, ನನಗೂ ಹೊಳೆಯಲಿಲ್ಲ.

ಫೋನು ಬಂತು. ದನಿ ನನಗೆ ಚೆನ್ನಾಗಿ ಗುರುತಿನದು.

"ಸರ್, ನಮಸ್ಕಾರರಿ. ನಿಮ್ಮ ಡಬ್ಬಿ ಇರೋ ಮಾಳಿಗಿ ಮನಿಯಾಕಿ ಮಾತಾಡ್ಲಿಕತ್ತೇನಿ. ಅದು ಚಂದ್ರ ಅಲ್ಲರಿ, ನಮ್ಮ ಖಾರ."

ವಿಜ್ಞಾನಿ ನನ್ನ ಮುಖ ನೋಡಿದರು. ನಾನು ಮೈಕು ನೋಡಿದೆ. ಹೆಂಡತಿ ಬಿಡಿಸಿ ಹೇಳಿದಳು. ನಮ್ಮ ಮಾಳಿಗೆ ಅಗಲ, ಅವಳ ಕೈಯ ಅಳತೆ ಓಣಿಗೇ ಹೆಸರು. ಬೇಸಿಗೆಯಲ್ಲಿ ಬಳಗದವರು, ನೆರೆಯವರು ಎಲ್ಲರೂ ಮೆಣಸಿನಕಾಯಿ ತಂದು ಅಲ್ಲೇ ಹುರಿದು ಕುಟ್ಟಿ ವರ್ಷದ ಮಸಾಲೆ ಖಾರ ಮಾಡಿಕೊಂಡು ಹೋಗುತ್ತಾರೆ. ಮನೆಗೆಲಸ ಮುಗಿಸಿ ಹತ್ತೂವರೆಗೆ ಒನಕೆ ಹಿಡಿದರೆ ಎರಡಕ್ಕೆ ಮುಗಿಯುತ್ತದೆ. "ಸೋಮವಾರ ನಾವು ಖಾರಕ್ಕ ಕೈ ಹಚ್ಚಂಗಿಲ್ಲರಿ. ಅಮಾಸಿಗಿ ಒನಕಿ ಎತ್ತಂಗಿಲ್ಲ."

ವಿಜ್ಞಾನಿ ಕೇಳಿದರು, ಯಾವ ದಿನ ಯಾರು ಕುಟ್ಟಿದರು ಎಂದು ನೆನಪಿದೆಯಾ ಅಮ್ಮಾ ಎಂದು. ನೆನಪು ಯಾಕೆ, ಪಾಳಿ ತಪ್ಪಬಾರದೆಂದು ಎಲ್ಲ ಕ್ಯಾಲೆಂಡರಿನ ಮೇಲೆ ಬರೆದಿದೆ ಎಂದಳು.

ಅವರು ಸ್ಟುಡಿಯೋದಿಂದ ಸೀದಾ ನಮ್ಮ ಮನೆಗೇ ಬಂದರು. ನಡುಮನೆಯಲ್ಲಿ ಒಂದು ಕಡೆ ಅವರ ಕಂಪ್ಯೂಟರು, ಇನ್ನೊಂದು ಕಡೆ ಗೋಡೆಯಿಂದ ಇಳಿಸಿದ ಕ್ಯಾಲೆಂಡರು. ಮಗಳು ತಾರೀಕು ಓದಿದಳು, ಅವರು ಗೆರೆ ನೋಡಿದರು, ಹೆಂಡತಿ ಹೆಸರು ಹೇಳಿದಳು. ಒಂದು ಗೆರೆಯೂ ಅನಾಥವಾಗಿ ಉಳಿಯಲಿಲ್ಲ. ಎಲ್ಲಕ್ಕಿಂತ ಎತ್ತರದ ಗೆರೆ ಜನವಾಡದ ನನ್ನ ಅಕ್ಕನದು. ಅವಳು ಬಸ್ಸಿನಲ್ಲಿ ಗುಂಟೂರು ಕಾಯಿಯ ಚೀಲ ತಂದ ದಿನ ಓಣಿಯೆಲ್ಲ ಕೆಮ್ಮಿತ್ತು ಎಂದು ಹೆಂಡತಿ ಸಾಕ್ಷಿ ನುಡಿದಳು.

ವಿಜ್ಞಾನಿ ಒಂದು ಮಾತೂ ಆಡದೆ ಚಂದ್ರನ ಬಗ್ಗೆ ಬರೆದ ಪುಟಗಳನ್ನೆಲ್ಲ ನಮ್ಮೆದುರಿಗೇ ಅಳಿಸಿದರು. ಆಮೇಲೆ ಹೊಟ್ಟೆ ತುಂಬ ನಕ್ಕರು. ನೀವು ಹೇಳದಿದ್ದರೆ ನನ್ನ ಮಾನ ಹೋಗುತ್ತಿತ್ತಮ್ಮಾ ಎಂದು ಕೈ ಮುಗಿದು, ರೊಟ್ಟಿಗೆ ಅದೇ ಖಾರ ಹಚ್ಚಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತಾ ಉಂಡರು. ಆಗ ಮಧ್ಯಾಹ್ನ ಮೂರು ಗಂಟೆ.

ಅವರು ಹೋದ ಮೇಲೆ ಹೆಂಡತಿ ಜಗಲಿಯ ಹತ್ತಿರ ಹೋಗಿ ಫಾರ್ಮು ತೆಗೆದಳು. ಊಟದ ಹೊತ್ತು ತಪ್ಪಿತಲ್ಲ, ಮೂರು ಪ್ರಶ್ನೆ ಏನಾದವು ಎಂದು ನಾನೇ ಬಾಯಿ ತಡೆಯದೆ ಕೇಳಿದೆ.

"ಮೂರೂ ತಪ್ಪೇ ಬಂದಾವ," ಎಂದಳು. "ಆದ್ರ ಆ ಹುಡುಗ ತಪ್ಪು ಅಂತ ತಿಳಿದ ಕೂಡ್ಲೆ ತಾನ ಅಳಿಸಿ ಹಾಕಿದ ನೋಡ್ರಿ, ಒಂದು ಮಾತು ವಾದ ಮಾಡ್ಲಿಲ್ಲ. ಇಪ್ಪತ್ತೆರಡು ವರ್ಷದಾಗ ಈ ಮನ್ಯಾಗ ನಾ ಅಂಥಾದು ನೋಡಿಲ್ಲ."

ನಾನು ವಾದ ಮಾಡಲಿಲ್ಲ. ಅವಳು ಸಹಿ ಮಾಡಿದಳು, ಅಕ್ಷರ ಒಂದೊಂದಾಗಿ, ನಿಧಾನವಾಗಿ. ಮಗಳ ಕಣ್ಣು ತುಂಬಿದ್ದವು, ನನ್ನವೂ. ಹೆಂಡತಿ ಮಾತ್ರ ಕಾಗದವನ್ನು ಮಡಚಿ ಮಗಳ ಕೈಗಿಟ್ಟು, ಸೆರಗಿನಿಂದ ಅವಳ ಮುಖ ಒರೆಸಿ ಹೇಳಿದಳು:

"ಹೋಗು, ಓದು. ಆದ್ರ ಏನರ ಹೊಸಾದು ಕಂಡ್ರ, ಜಗತ್ತಿಗಿ ಹೇಳೋಕಿಂತ ಮೊದಲ ನನಗ ಒಂದ್ ಫೋನ್ ಮಾಡು."