ಮಗಳ ಶಿಬಿರಕ್ಕೆ ನಾನು ಸೇರಿದ್ದು

ಬೇಸಿಗೆ ರಜೆಗೆ ಮಗಳಿಗೊಂದು ಶಿಬಿರ ಹುಡುಕುವುದು ಅರ್ಧ ದಿನದ ಕೆಲಸ ಎಂದು ತಿಳಿದಿದ್ದೆ. ನಾನು ಸಿಂದಗಿಯಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರ. ಲೆಕ್ಕ ತಪ್ಪುವವನಲ್ಲ!

ಮಗಳು ಪಲ್ಲವಿಗೆ ಹತ್ತು ವರ್ಷ. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ. ಕೈಸನ್ನೆಯಲ್ಲಿ ಮಾತಾಡುತ್ತಾಳೆ, ಅದೂ ನನಗೆ ಅರ್ಧ ತಪ್ಪಿಹೋಗುವಷ್ಟು ವೇಗವಾಗಿ. ಊರಿನ ಚಿತ್ರಕಲೆ ಶಿಬಿರಕ್ಕೆ ಕರೆದುಕೊಂಡು ಹೋದಾಗ ಅಲ್ಲಿಯ ಮೇಡಂ, "ಇಂಥಾ ಮಕ್ಕಳನ್ನ ಸಂಭಾಳಸಾಕ ನಮಗ ಆಗಂಗಿಲ್ರಿ ಸರ" ಎಂದರು. ಬಣ್ಣ ಹಚ್ಚಲು ಕಿವಿ ಯಾಕೆ ಬೇಕು ಎಂದು ಕೇಳಬೇಕಿತ್ತು. ಆ ಮಾತು ಮನೆಗೆ ಬಂದ ಮೇಲೆ ಹೊಳೆಯಿತು. ಪಲ್ಲವಿ ಮೇಡಂ ಮುಖ ನೋಡಿಯೇ ಎಲ್ಲ ತಿಳಿದುಕೊಂಡಿದ್ದಳು. ದಾರಿಯುದ್ದಕ್ಕೂ ನನ್ನ ಕಡೆ ತಿರುಗಲಿಲ್ಲ.

ಅದೇ ವಾರ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು. ಬಸವನ ಬಾಗೇವಾಡಿಯಲ್ಲಿ ಉಚಿತ ಶಿಬಿರ, ವಿಶೇಷ ಕಾಳಜಿ, ಊಟದ ವ್ಯವಸ್ಥೆ ಇದೆ! 'ವಿಶೇಷ ಕಾಳಜಿ' ಕಂಡದ್ದೇ ನಾನು ಎದ್ದು ನಿಂತೆ.

"ಪೂರ್ತಿ ಓದ್ರಿ, ಕೆಳಗ ಇನ್ನೂ ಏನೋ ಐತಿ" ಎಂದಳು ಹೆಂಡತಿ ಸಾವಿತ್ರಿ.

"ಮಾಸ್ತರಗ ಓದಾಕ ಕಲಸ್ತೀಯೇನ?" ಎಂದೆ.

ಮರುದಿನ ಮೊದಲ ಬಸ್ಸಿಗೇ ಅಪ್ಪ, ಮಗಳು ಹೊರಟೆವು. ಶಿಬಿರದ ಪೆಂಡಾಲಿನಲ್ಲಿ ಒಂದು ಅರ್ಜಿ ಕೊಟ್ಟರು. ಅರ್ಜಿಯಲ್ಲಿ ತಂದೆಯ ಹೆಸರು ಮೊದಲು ಎಂಬ ಅಭ್ಯಾಸಬಲದಿಂದ, 'ಹೆಸರು' ಎಂದಿದ್ದಲ್ಲಿ ನನ್ನ ಹೆಸರೇ ತುಂಬಿದೆ. ಸಾಲಿನಲ್ಲಿ ಬರೀ ಅಜ್ಜ, ಅಜ್ಜಿಯರು. ಮೊಮ್ಮಕ್ಕಳನ್ನು ಬಿಡಲು ಬಂದಿರಬೇಕು ಎಂದುಕೊಂಡೆ. ಮೊಮ್ಮಕ್ಕಳು ಎಲ್ಲಿ ಎಂದು ಯೋಚಿಸಲಿಲ್ಲ. ಪಲ್ಲವಿ ಅಂಗಿ ಜಗ್ಗಿ ಬ್ಯಾನರಿನ ಕಡೆ ಕೈ ತೋರಿಸಿದಳು. ಆಮೇಲೆ ನೋಡೋಣ ಎಂದು ಸನ್ನೆ ಮಾಡಿದೆ.

ನನ್ನ ಸರದಿ ಬಂತು. ಬಿಳಿ ಕೋಟಿನ ಹುಡುಗಿ, "ಮ್ಯಾಲ ನೋಡ್ರಿ" ಎಂದಳು. ನೋಡಿದೆ. ಎರಡೂ ಕಣ್ಣಿಗೆ ಹನಿ ಬಿತ್ತು!

"ಏನ್ರಿ ಇದು?"

"ಕಣ್ಣಿನ ಪೊರಿ ತಪಾಸಣಿರಿ. ನಾಕೈದು ತಾಸು ಮಂಜ ಕಾಣತೈತಿ, ಹೆದರಬ್ಯಾಡ್ರಿ."

"ಇದು ಮಕ್ಕಳ ಶಿಬಿರ ಅಲ್ಲೇನ್ರಿ?"

ಆಕೆ ನನ್ನ ನರೆತ ತಲೆಯನ್ನೊಮ್ಮೆ ನೋಡಿದಳು. "ಮಕ್ಕಳಿಗ್ಯಾಕ ಪೊರಿ ಬರತೈತ್ರಿ ಸರ?"

ಡಾಕ್ಟರು ಪರೀಕ್ಷಿಸಿ, ಪೊರೆ ಇಲ್ಲ ಎಂದರು. ಊಟ ಹಾಕಿದರು. ಊಟ ಚೆನ್ನಾಗಿತ್ತು.

ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ಕಣ್ಣು ತೆರೆಯಲಾಗಲಿಲ್ಲ. ಬಸ್ಸುಗಳ ಬೋರ್ಡೆಲ್ಲ ಬಿಳಿ ಹಾಳೆ. ಪಲ್ಲವಿಗೆ ಕೇಳಿಸುವುದಿಲ್ಲ, ನನಗೆ ಕಾಣಿಸುವುದಿಲ್ಲ. ಆದರೂ ಅಪ್ಪ ನಾನಲ್ಲವೇ! ಬಸ್ಸೊಂದು ಹೊರಡುವ ಸದ್ದು ಕೇಳಿತು. ಅವಳು ಹಿಂದಕ್ಕೆ ಎಳೆಯುತ್ತಿದ್ದರೂ ಬಿಡದೆ ಅವಳನ್ನು ಹತ್ತಿಸಿ, ನಾನೂ ಹತ್ತಿ ಕೂತೆ.

"ಮುದ್ದೇಬಿಹಾಳ ಎರಡ ಏನ್ರಿ?" ಎಂದ ಕಂಡಕ್ಟರ್.

ಸಿಂದಗಿ ಕಡೆಯ ಬಸ್ಸೇ ಅಲ್ಲ! ಇಳಿದೆವು. ಪಲ್ಲವಿ ಹಣೆ ಚಚ್ಚಿಕೊಂಡದ್ದು ಆ ಮಂಜಿನಲ್ಲೂ ಕಂಡಿತು. ಆ ಸನ್ನೆಯನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಆಮೇಲೆ ಅವಳು ಎಳೆದತ್ತ ನಡೆದೆ, ಕೂರಿಸಿದಲ್ಲಿ ಕೂತೆ. ಸಿಂದಗಿ ಬರುವವರೆಗೂ ಅವಳು ನನ್ನ ಮುಖ ನೋಡಿ ನೋಡಿ ನಗುತ್ತಿದ್ದಳು ಎಂದು ಪಕ್ಕದ ಸೀಟಿನವರು ಹೇಳಿದರು.

"ಮಗಳನ್ನ ಶಿಬಿರಕ್ಕ ಹಚ್ಚಿ ಬಂದ್ರೇನು?" ಎಂದು ಸಾವಿತ್ರಿ ಬಾಗಿಲಲ್ಲೇ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಪಲ್ಲವಿ ಅಂಗಳದಲ್ಲಿ ನಿಂತು ನಡೆದದ್ದನ್ನೆಲ್ಲ ಮಾಡಿ ತೋರಿಸಿದಳು. ನಾನು ಮೇಲೆ ನೋಡಿದ್ದು, ತಡವರಿಸಿದ್ದು, ಬಸ್ಸಿನಿಂದ ಇಳಿದದ್ದು, ಎಲ್ಲ! ಓಣಿಯ ಮಕ್ಕಳು ಕಾಂಪೌಂಡ್ ಹತ್ತಿ ನಿಂತು ಬಿದ್ದು ಬಿದ್ದು ನಕ್ಕರು. ಇನ್ನೊಮ್ಮೆ ತೋರಿಸು ಎಂದು ಗಂಟುಬಿದ್ದರು.

ಮರುದಿನ ಎಂಟು ಮಕ್ಕಳು ಬಂದರು. ಬಸ್ಸಿಗೆ ಯಾವ ಸನ್ನೆ, ಕಣ್ಣಿಗೆ ಯಾವುದು ಎಂದು ಕಲಿಯತೊಡಗಿದರು. ವಾರದೊಳಗೆ ಓಣಿಯ ಮಕ್ಕಳೆಲ್ಲ ನನ್ನ ಎದುರಿಗೇ ನನ್ನ ಬಗ್ಗೆ ಸನ್ನೆಯಲ್ಲಿ ಮಾತಾಡುವಷ್ಟು ಪ್ರವೀಣರಾದರು. ಈಗ ಅದು ದೊಡ್ಡ ನಾಟಕವೇ ಆಗಿದೆ. ಪಲ್ಲವಿಯೇ ನಿರ್ದೇಶಕಿ. ಮಾಸ್ತರನ ಪಾತ್ರಕ್ಕೆ ಪಕ್ಕದ ಮನೆಯ ಸುಜಾತಾ.

ನನ್ನ ಪಾತ್ರ ನಾನೇ ಮಾಡುತ್ತೇನೆ ಎಂದು ಕೇಳಿಕೊಂಡೆ. ಪಲ್ಲವಿ ನನ್ನನ್ನು ಅಂಗಳದಲ್ಲಿ ಎರಡು ಸುತ್ತು ನಡೆಸಿ ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿ ಸರಸರ ಸನ್ನೆ ಮಾಡಿದಳು.

"ಏನಂತಾಳ?" ಎಂದೆ.

"ನಿಮ್ಮಂಗ ನಡ್ಯಾಕ ನಿಮಗ ಬರಂಗಿಲ್ಲಂತ್ರಿ" ಎಂದಳು ಸಾವಿತ್ರಿ.